ಶಾಲು ಹೊದಿಸಿದರಷ್ಟೇ ಸಾಲದು



ನಮ್ಮ ಭಾಗದ ಬ್ಯಾಂಕುಗಳಲ್ಲಿ ಒಂದು ಪದ್ಧತಿ ಚೆನ್ನಾಗಿ ಬೇರೂರಿದೆ. ಸಂಸ್ಥಾಪಕರ ದಿನ, ಗ್ರಾಹಕರ ಸಮಾವೇಶ, ರೈತ ದಿನ ಎಂದು ಯಾವುದಾದರೊಂದು ನೆಪದಲ್ಲಿ ಸಭೆ ಕರೆಯುತ್ತಾರೆ. ಮನೆಯಲ್ಲೇ ಕಾಫಿ ಪುಡಿ ಮಾಡಿ ಮಾರುವ ಗೃಹಿಣಿ, ಅಡಿಕೆ ಹಾಳೆಯ ತಟ್ಟೆ ಮಾಡುವ ತರುಣ, ಮೆಣಸಿನ ಬಳ್ಳಿಯ ನರ್ಸರಿ ಇಟ್ಟವರು, ಹೆಚ್ಚು ಇಳುವರಿ ತೆಗೆದ ಬೆಳೆಗಾರರು, ಇಂಥವರಲ್ಲಿ ನಾಲ್ಕಾರು ಜನರನ್ನು ಆರಿಸಿ ವೇದಿಕೆಗೆ ಕರೆದು ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು, ಸ್ಮರಣಿಕೆ ನೀಡುತ್ತಾರೆ. ಫೋಟೋ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ.

ಇದನ್ನು ಆಡಂಬರವೆಂದು ತಳ್ಳಿಹಾಕುವವರ ಪೈಕಿ ನಾವಲ್ಲ. ಹಳ್ಳಿಯಲ್ಲಿ ಒಬ್ಬ ಹೊಸ ಕಸುಬು ಆರಂಭಿಸಿದರೆ ಮೊದಲು ನಗುವವರೇ ಹೆಚ್ಚು. "ತೋಟ ಇರುವಾಗ ಇವನಿಗೆ ತಟ್ಟೆ ಒತ್ತುವ ಕೆಲಸ ಯಾಕೆ" ಎಂದು ಸ್ವಂತ ಮನೆಯವರೇ ಕೇಳುತ್ತಾರೆ. ಅಂಥವನನ್ನು ನಾಲ್ಕು ಜನರ ಮುಂದೆ ಗೌರವಿಸಿದರೆ ಮನೆಯ ಹಿರಿಯರ ಮಾತು ಬದಲಾಗುತ್ತದೆ, ಪಕ್ಕದ ಊರಿನ ಇನ್ನೊಬ್ಬನಿಗೆ ಧೈರ್ಯ ಬರುತ್ತದೆ. ಗೌರವಕ್ಕೂ ಒಂದು ಬೆಲೆಯಿದೆ. ಅದನ್ನು ಬ್ಯಾಂಕಿನವರು ಅರಿತಿರುವುದು ಸಂತೋಷದ ವಿಷಯ.

ಆದರೆ ನಮ್ಮ ಪ್ರಶ್ನೆ ಬೇರೆ. ವೇದಿಕೆಯ ಮೇಲೆ ಸಿಗುವ ಮರ್ಯಾದೆ ಶಾಖೆಯ ಕೌಂಟರಿನಲ್ಲಿಯೂ ಸಿಗುತ್ತಿದೆಯೇ? ಸನ್ಮಾನಕ್ಕೆ ಆಯ್ಕೆಯಾದ ನಾಲ್ವರನ್ನು ಬಿಟ್ಟು ಉಳಿದ ನಾಲ್ಕು ನೂರು ಮಂದಿಗೆ ಸಾಲ ಸಕಾಲಕ್ಕೆ ದೊರೆಯುತ್ತಿದೆಯೇ? ಕೆಟ್ಟ ವರ್ಷ ಬಂದಾಗ ಬ್ಯಾಂಕು ಅವರ ಜೊತೆ ನಿಲ್ಲುತ್ತದೆಯೇ, ನೋಟೀಸು ಕಳಿಸುತ್ತದೆಯೇ? ಈ ಮೂರು ಪ್ರಶ್ನೆಗಳಿಗೆ ಬರುವ ಉತ್ತರದಿಂದಲೇ ಬ್ಯಾಂಕಿನ ಬೆಂಬಲವನ್ನು ಅಳೆಯಬೇಕೆಂಬುದು ನಮ್ಮ ಅಭಿಪ್ರಾಯ.

ನಮ್ಮ ಮಣ್ಣಿನ ಬ್ಯಾಂಕುಗಳು

ಬ್ಯಾಂಕು ಎಂದರೆ ಹೇಗಿರಬೇಕೆಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ, ಘಟ್ಟ ಇಳಿದರೆ ಸಾಕು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದಾಗಿ ಕಟ್ಟಿದ ಸಂಸ್ಥೆಯೇ ಮುಂದೆ ಕಾರ್ಪೊರೇಷನ್ ಬ್ಯಾಂಕು ಆಯಿತು. ಮೊದಲ ದಿನ ಅದರ ಪೆಟ್ಟಿಗೆಗೆ ಬಂದ ಹಣ 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದರು. ಶಾಲೆ ಕಟ್ಟಿಸಿದ ವಕೀಲರೊಬ್ಬರು ಬ್ಯಾಂಕನ್ನೂ ಕಟ್ಟಿದರು. 1924ರಲ್ಲಿ ಕರ್ಣಾಟಕ ಬ್ಯಾಂಕು ಬಂತು. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಇವರು ಕೂಡಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ತೆರೆದ ಸಂಸ್ಥೆ ಸಿಂಡಿಕೇಟ್ ಬ್ಯಾಂಕಾಗಿ ಬೆಳೆಯಿತು. ಅದು ಹುಟ್ಟಿದ್ದೇ ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು. 1931ರಲ್ಲಿ ಎ.ಬಿ. ಶೆಟ್ಟರು ಮತ್ತು ಅವರ ಜೊತೆಗಾರರು ಕೃಷಿಕರಲ್ಲಿ ಉಳಿತಾಯದ ಅಭ್ಯಾಸ ಬೆಳೆಸಲು ವಿಜಯಾ ಬ್ಯಾಂಕನ್ನು ಸ್ಥಾಪಿಸಿದರು.

1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ದಿನಕ್ಕೆ ಎರಡಾಣೆ. ಅದನ್ನು ಕಟ್ಟಲು ಯಾರೂ ಬ್ಯಾಂಕಿಗೆ ಹೋಗಬೇಕಾಗಿರಲಿಲ್ಲ, ಬ್ಯಾಂಕೇ ಮನೆಬಾಗಿಲಿಗೆ ಬರುತ್ತಿತ್ತು. ಮೀನು ಮಾರುವವಳು, ಹೋಟೆಲಿನ ಮಾಣಿ, ಗೂಡಂಗಡಿಯವನು ಎಲ್ಲರೂ ಖಾತೆದಾರರಾದರು. ಹನಿ ಹನಿ ಕೂಡಿ ಹಳ್ಳವಾಯಿತು. ಇದರಲ್ಲಿ ಹಣಕ್ಕಿಂತ ಮುಖ್ಯವಾದ ಒಂದು ಲಾಭವಿತ್ತು. ದಿನಾ ಮನೆಗೆ ಬರುವವನಿಗೆ ಆ ಮನೆಯ ಕಷ್ಟಸುಖ ತಿಳಿದಿರುತ್ತದೆ. ಯಾರಿಗೆ ಕೊಟ್ಟರೆ ಹಣ ತಿರುಗಿ ಬರುತ್ತದೆ, ಯಾರಿಗೆ ಈ ವರ್ಷ ಸ್ವಲ್ಪ ಕಾಲಾವಕಾಶ ಬೇಕು ಎಂಬುದು ಕಾಗದ ನೋಡದೆಯೂ ಗೊತ್ತಾಗುತ್ತಿತ್ತು.

ಸಹಕಾರ ಕ್ಷೇತ್ರದ ಕಥೆಯೂ ಇದೇ. 1904ರ ಕಾಯ್ದೆ ಬಂದ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಸಾಲ ಕೊಡುವವರೂ ಪಡೆಯುವವರೂ ಒಂದೇ ಊರಿನವರು. ಒಬ್ಬರ ಮುಖ ಒಬ್ಬರಿಗೆ ಗೊತ್ತಿದ್ದದ್ದೇ ಅಲ್ಲಿ ದೊಡ್ಡ ಜಾಮೀನು.

1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಅದರಲ್ಲಿ ಕೆನರಾ ಮತ್ತು ಸಿಂಡಿಕೇಟ್ ಸೇರಿದ್ದವು. 1980ರ ಏಪ್ರಿಲ್ 15ರಂದು ಇನ್ನೂ ಆರು ಬ್ಯಾಂಕುಗಳು ಸರ್ಕಾರದ ಕೈಗೆ ಬಂದವು. ಅದರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಇದ್ದವು. ರಾಷ್ಟ್ರೀಕರಣದಿಂದ ಹಳ್ಳಿಗಳಿಗೆ ಶಾಖೆಗಳು ಬಂದದ್ದು, ಸಾಹುಕಾರರ ಹಿಡಿತ ಸಡಿಲವಾದದ್ದು ಸುಳ್ಳಲ್ಲ. ಅದಕ್ಕೆ ನಾವು ಋಣಿಗಳೇ. ಬಳಿಕ ವಿಲೀನದ ಕಾಲ ಬಂತು. 2017ರಲ್ಲಿ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನಲ್ಲಿ, 2019ರಲ್ಲಿ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿ, 2020ರಲ್ಲಿ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಅವಿಭಜಿತ ದಕ್ಷಿಣ ಕನ್ನಡದ ಐದು ದೊಡ್ಡ ಬ್ಯಾಂಕುಗಳಲ್ಲಿ ಹಳೆಯ ಹೆಸರಿನಲ್ಲಿ ಉಳಿದಿರುವುದು ಎರಡೇ. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾಗಿವೆ.

ವಿಲೀನದಿಂದ ಬಂಡವಾಳ ಗಟ್ಟಿಯಾಗುತ್ತದೆ ಎನ್ನುತ್ತಾರೆ. ಇರಬಹುದು. ಆದರೆ ನಮ್ಮ ಕಣ್ಣಿಗೆ ಕಾಣುವುದು ಇಷ್ಟು. ಶಾಖೆಗೆ ಬರುವ ಅಧಿಕಾರಿಗಳಲ್ಲಿ ಅನೇಕರು ಮೊದಲ ಬಾರಿಗೆ ಕಾಫಿ ಗಿಡ ನೋಡುವವರು. ಅರೇಬಿಕಾ ಯಾವುದು, ರೊಬಸ್ಟಾ ಯಾವುದು ಎಂದು ಅರಿಯುವಷ್ಟರಲ್ಲಿ ವರ್ಗಾವಣೆಯ ಆದೇಶ ಬಂದಿರುತ್ತದೆ. ಅವರನ್ನು ದೂರುವುದು ತರವಲ್ಲ. ಅವರೂ ದೂರದ ಊರಿನಿಂದ ಬಂದು, ಭಾಷೆ ಬಾರದೆ, ಮಳೆಗಾಲದಲ್ಲಿ ಕರೆಂಟಿಲ್ಲದೆ ಕಷ್ಟಪಡುವವರೇ. ತಪ್ಪು ವ್ಯವಸ್ಥೆಯದು. ಮುಖಪರಿಚಯದ ಜಾಗಕ್ಕೆ ಈಗ ಕಂಪ್ಯೂಟರಿನಲ್ಲಿ ಬರುವ ಅಂಕವೊಂದು ಕೂತಿದೆ. ಬೆಳೆಗಾರನ ಮೂವತ್ತು ವರ್ಷದ ನಡತೆ ಅದರಲ್ಲಿ ಪೂರ್ತಿಯಾಗಿ ಕಾಣಿಸುವುದಿಲ್ಲ.

ಉಜಿರೆಯ ಪಾಠ

ದೊಡ್ಡ ಬ್ಯಾಂಕುಗಳಿಂದ ಒಳ್ಳೆಯ ಕೆಲಸ ಸಾಧ್ಯವಿಲ್ಲವೆಂದು ನಾವು ಹೇಳುತ್ತಿಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ನಿರುದ್ಯೋಗಿ ತರುಣರಿಗೆ ಊಟ ವಸತಿ ಸಹಿತ ಉಚಿತವಾಗಿ ಅಲ್ಪಾವಧಿಯ ತರಬೇತಿ. ತರಬೇತಿ ಮುಗಿದ ಮೇಲೆ ಬ್ಯಾಂಕಿನ ಸಾಲಕ್ಕೆ ದಾರಿ. ಸಾಲ ಸಿಕ್ಕಿದ ಮೇಲೂ ಕೈಬಿಡದೆ, ಕಸುಬು ನಿಲ್ಲುವ ತನಕ ವಿಚಾರಿಸುವ ಕ್ರಮ. ಈ ಮಾದರಿ ಎಷ್ಟು ಫಲ ಕೊಟ್ಟಿತೆಂದರೆ 2009ರಲ್ಲಿ ಕೇಂದ್ರ ಸರ್ಕಾರ ಜಿಲ್ಲೆಗೊಂದರಂತೆ ಇಂಥ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ತೆರೆಯಲು ಮುಂದಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಕ್ರಮ. ಮೊದಲು ಕಲಿಸಿದರು, ಆಮೇಲೆ ಸಾಲ ಕೊಟ್ಟರು, ಆಮೇಲೆ ಜೊತೆಗಿದ್ದರು. ಸನ್ಮಾನ ಬಂದದ್ದು ಕಡೆಯಲ್ಲಿ. ಇಂದು ಎಷ್ಟೋ ಕಡೆ ಕೊನೆಯದೇ ಮೊದಲಾಗಿದೆ. ಸ್ವಂತ ಬಲದಿಂದ, ನೆಂಟರ ಹತ್ತಿರ ಕೈಗಡ ಮಾಡಿ, ಹೆಂಡತಿಯ ಒಡವೆ ಅಡವಿಟ್ಟು ಮೇಲೆ ಬಂದವನನ್ನು ಹುಡುಕಿ ಬ್ಯಾಂಕು ಶಾಲು ಹೊದಿಸುತ್ತದೆ. ಅವನು ಬಿದ್ದು ಏಳುತ್ತಿದ್ದಾಗ ಅದೇ ಬ್ಯಾಂಕು ಎಲ್ಲಿತ್ತು ಎಂದು ಯಾರೂ ಕೇಳುವುದಿಲ್ಲ.

ತೋಟದ ಪಂಚಾಂಗವೇ ಬೇರೆ

ನಮ್ಮ ಕಸುಬಿನ ವೇಳಾಪಟ್ಟಿಯನ್ನು ಬ್ಯಾಂಕಿನವರು ಒಮ್ಮೆ ಗೋಡೆಗೆ ತೂಗುಹಾಕಿಕೊಂಡರೆ ಅರ್ಧ ತೊಂದರೆ ನೀಗೀತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾಫಿಗೆ ಹೂಮಳೆ ಬೇಕು. ಬಾರದಿದ್ದರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಓಡಿಸಬೇಕು, ಡೀಸೆಲ್ಲಿಗೆ ಅಂದೇ ಹಣ ಬೇಕು. ಮಳೆಗಾಲಕ್ಕೆ ಮುಂಚೆ ಮರಗಸಿ, ಗೊಬ್ಬರ. ಮುಂಗಾರು ಹಿಡಿಯುವ ಮೊದಲು ಅಡಿಕೆಗೆ ಬೋರ್ಡೋ ಸಿಂಪಡಣೆ, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಂದು. ಮೈಲುತುತ್ತ, ಸುಣ್ಣ, ಮರ ಹತ್ತುವವರ ಕೂಲಿ ಎಲ್ಲಕ್ಕೂ ನಗದು ಬೇಕು. ನವೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಆಳುಗಳಿಗೆ ವಾರ ವಾರ ಬಟವಾಡೆ ತಪ್ಪುವಂತಿಲ್ಲ.

ಮೇ ತಿಂಗಳಲ್ಲಿ ಅರ್ಜಿ ಕೊಟ್ಟವನಿಗೆ ಆಗಸ್ಟಿನಲ್ಲಿ ಹಣ ಬಂದರೆ ಆ ಸಾಲದಿಂದ ಏನು ಪ್ರಯೋಜನ? ಅಷ್ಟರಲ್ಲಿ ಕೊಳೆರೋಗ ಬಂದು ಕಾಯಿ ಉದುರಿರುತ್ತದೆ. ಅವನು ಆಗಲೇ ಖಾಸಗಿಯವರಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಹಣ ಎತ್ತಿರುತ್ತಾನೆ. ಲೆಕ್ಕ ಹಾಕಿ ನೋಡಿ. ಒಂದು ಲಕ್ಷಕ್ಕೆ ನಾಲ್ಕು ತಿಂಗಳಿಗೆ ಆ ಬಡ್ಡಿ 12,000 ರೂಪಾಯಿ. ಅದೇ ಹಣಕ್ಕೆ ಬೆಳೆ ಸಾಲದ ಶೇಕಡಾ 7ರ ದರದಲ್ಲಿ ಸುಮಾರು 2,333 ರೂಪಾಯಿ. ವ್ಯತ್ಯಾಸ ಒಂಬತ್ತು ಸಾವಿರಕ್ಕೂ ಮೇಲೆ. ಮೂರೆಕರೆಯ ಬೆಳೆಗಾರನಿಗೆ ಇದು ಮಗುವಿನ ಒಂದು ವರ್ಷದ ಶಾಲಾ ಖರ್ಚು. ತಡವಾದ ಮಂಜೂರಾತಿಗೆ ಬ್ಯಾಂಕಿನ ಪುಸ್ತಕದಲ್ಲಿ ಯಾವ ನಷ್ಟವೂ ಬರೆದಿರುವುದಿಲ್ಲ, ಬೆಳೆಗಾರನ ಪುಸ್ತಕದಲ್ಲಿ ಬರೆದಿರುತ್ತದೆ.

ಮರುಪಾವತಿಯ ಕಥೆಯೂ ಹೀಗೆಯೇ. ಮಾರ್ಚ್ ಮೂವತ್ತೊಂದು ಬ್ಯಾಂಕಿಗೆ ವರ್ಷದ ಕೊನೆ. ನಮಗೆ ಅದು ಕಣದಿಂದ ಕಾಫಿ ಎತ್ತಿ ಇನ್ನೂ ಚೀಲ ಕಟ್ಟುತ್ತಿರುವ ಸಮಯ. "ಮಾರ್ಚ್ ಒಳಗೆ ಕಟ್ಟಿ" ಎಂಬ ಒತ್ತಡಕ್ಕೆ ಎಲ್ಲರೂ ಒಟ್ಟಿಗೇ ಮಾರಲು ಹೊರಟರೆ ಬೆಲೆ ನಿಗದಿ ಮಾಡುವವನು ವ್ಯಾಪಾರಿಯೇ. ಕಾಫಿ ಮಂಡಳಿಯ ಪೂಲಿಂಗ್ ಇದ್ದ ಕಾಲದಲ್ಲಿ ಹಣ ಕಂತು ಕಂತಾಗಿ ತಡವಾಗಿ ಬರುತ್ತಿತ್ತೆಂದು ದೂರುತ್ತಿದ್ದೆವು. 1990ರ ದಶಕದ ನಡುವಿನಿಂದ ಮಾರುಕಟ್ಟೆ ಮುಕ್ತವಾಯಿತು. ಆದರೆ ಸಾಲದ ಗಡುವು ಕುತ್ತಿಗೆಗೆ ಕುಳಿತಿರುವಾಗ ಮುಕ್ತ ಮಾರುಕಟ್ಟೆಯ ಸ್ವಾತಂತ್ರ್ಯ ಸಣ್ಣ ಬೆಳೆಗಾರನಿಗೆ ಎಲ್ಲಿಂದ ಬರಬೇಕು?

ಇದಕ್ಕೆ ಪರಿಹಾರ ಇಲ್ಲದಿಲ್ಲ. ಗೋದಾಮಿನಲ್ಲಿಟ್ಟ ಮಾಲಿನ ಮೇಲೆ ಅಡವು ಸಾಲ ಕೊಡುವುದು ಹಳೆಯ ಪದ್ಧತಿ. 2007ರ ಉಗ್ರಾಣ ಕಾಯ್ದೆಯ ಮೇಲೆ ನೋಂದಾಯಿತ ಗೋದಾಮಿನ ರಸೀತಿಗೆ ಕಾನೂನಿನ ಬಲವೂ ಬಂದಿದೆ. ನಮ್ಮ ಸೀಮೆಯಲ್ಲಿ ಇಂಥ ಗೋದಾಮು ಹೆಚ್ಚಲಿ, ರಸೀತಿ ತಂದ ದಿನವೇ ಸಾಲ ಸಿಗಲಿ. ಅದು ನೂರು ಶಾಲುಗಳಿಗಿಂತ ದೊಡ್ಡ ಸನ್ಮಾನವಾದೀತು.

ಇನ್ನೊಂದು ಸೂಕ್ಷ್ಮವನ್ನೂ ಹೇಳಬೇಕು. ಕಾಫಿ ಮಂಡಳಿಯ ಲೆಕ್ಕದಲ್ಲಿ ಹತ್ತು ಹೆಕ್ಟೇರ್, ಎಂದರೆ ಸುಮಾರು ಇಪ್ಪತ್ತೈದು ಎಕರೆವರೆಗಿನವನು ಸಣ್ಣ ಬೆಳೆಗಾರ. ಬ್ಯಾಂಕಿನ ಲೆಕ್ಕದಲ್ಲಿ ಎರಡು ಹೆಕ್ಟೇರ್, ಎಂದರೆ ಐದೆಕರೆ ದಾಟಿದವನು ಸಣ್ಣ ರೈತನಲ್ಲ. ಬ್ಯಾಂಕುಗಳು ತಮ್ಮ ಸಾಲದಲ್ಲಿ ಶೇಕಡಾ 40ನ್ನು ಆದ್ಯತಾ ವಲಯಕ್ಕೆ, ಅದರಲ್ಲಿ 18ನ್ನು ಕೃಷಿಗೆ, ಅದರಲ್ಲೂ 10ನ್ನು ಸಣ್ಣ ಮತ್ತು ಅತಿಸಣ್ಣ ರೈತರಿಗೆ ಕೊಡಬೇಕೆಂಬ ಗುರಿಯಿದೆ. ಏಳೆಕರೆಯ ಕಾಫಿ ಬೆಳೆಗಾರ ಈ ಹತ್ತರ ಹೊರಗೆ ಉಳಿಯುತ್ತಾನೆ. ದೊಡ್ಡವರ ಸಾಲಿಗೆ ಸೇರುವ ಶಕ್ತಿಯೂ ಅವನಿಗಿಲ್ಲ. ನಮ್ಮ ಸದಸ್ಯರಲ್ಲಿ ಇಂಥ ನಡುವಿನವರೇ ಅನೇಕರು.

ಕೆಟ್ಟ ವರ್ಷ ಬಂದಾಗ

ಒಳ್ಳೆಯ ಬೆಲೆ ಇರುವಾಗ ಬ್ಯಾಂಕಿನವರೇ ತೋಟಕ್ಕೆ ಬರುತ್ತಾರೆ. 2024–25ರಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಹೋದಾಗ ಕಾರು, ಟ್ರ್ಯಾಕ್ಟರು, ಮನೆ ಎಲ್ಲಕ್ಕೂ ಸಾಲ ಕೊಡಲು ಪೈಪೋಟಿ ಇತ್ತು. ನಿಜವಾದ ಪರೀಕ್ಷೆ ಅದಲ್ಲ. 2001–02ರ ಸುಮಾರಿಗೆ ವಿಯೆಟ್ನಾಮಿನ ಕಾಫಿ ಜಗತ್ತಿನ ಮಾರುಕಟ್ಟೆಯನ್ನು ತುಂಬಿ ಬೆಲೆ ನೆಲಕಚ್ಚಿದ ದಿನಗಳನ್ನು ನೆನೆಯೋಣ. ಕೊಯ್ದ ಕೂಲಿಯೂ ಹುಟ್ಟದ ಕಾಲವದು. ಆಗಿನ ಸಾಲ ವರ್ಷಗಟ್ಟಲೆ ಬೆಳೆಯಿತು. 2002ರಲ್ಲಿ ಅದನ್ನು ವಿಶೇಷ ಕಾಫಿ ಅವಧಿ ಸಾಲವಾಗಿ ಮಾರ್ಪಡಿಸಿದರು. ಕಡೆಗೆ 2010ರಲ್ಲಿ ಸಣ್ಣ ಬೆಳೆಗಾರರಿಗಾಗಿ ಕೇಂದ್ರ ಸರ್ಕಾರ ಸಾಲ ಪರಿಹಾರದ ಯೋಜನೆ ತರಬೇಕಾಯಿತು. ನಡುವಿನ ಎಂಟು ವರ್ಷ ಬೆಳೆಗಾರ ಹೇಗೆ ನಿದ್ದೆ ಮಾಡಿದ ಎಂಬುದನ್ನು ಯಾವ ಬ್ಯಾಂಕಿನ ವಾರ್ಷಿಕ ವರದಿಯೂ ಹೇಳುವುದಿಲ್ಲ.

2018 ಮತ್ತು 2019ರ ಆಗಸ್ಟಿನಲ್ಲಿ ಕೊಡಗು ಮತ್ತು ಮಲೆನಾಡಿನಲ್ಲಿ ಗುಡ್ಡಗಳೇ ಜರಿದವು. ಅಡಿಕೆಗೆ ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ ಹಲವು ತಾಲ್ಲೂಕುಗಳನ್ನು ಹಣ್ಣುಗಾಯಿ ಮಾಡಿದವು. ಕಾಫಿ ಗಿಡ ನೆಟ್ಟು ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕು, ಅಡಿಕೆಗೆ ಅದಕ್ಕಿಂತ ಹೆಚ್ಚು. ತೋಟ ಹೋದವನು ಮರುವರ್ಷವೇ ಕಂತು ಕಟ್ಟಬೇಕೆಂದರೆ ಎಲ್ಲಿಂದ ತಂದಾನು?

ಇಲ್ಲಿಯೇ 2002ರ ಸರ್ಫೇಸಿ ಕಾಯ್ದೆಯ ವಿಷಯ ಬರುತ್ತದೆ. ನ್ಯಾಯಾಲಯಕ್ಕೆ ಹೋಗದೆಯೇ ಅಡಮಾನದ ಆಸ್ತಿಯನ್ನು ವಶಕ್ಕೆ ಪಡೆದು ಹರಾಜು ಹಾಕುವ ಅಧಿಕಾರವನ್ನು ಈ ಕಾಯ್ದೆ ಬ್ಯಾಂಕಿಗೆ ಕೊಟ್ಟಿದೆ. ಕಾಯ್ದೆಯ 31ನೆಯ ಕಲಮು ಕೃಷಿ ಭೂಮಿಯನ್ನು ಇದರಿಂದ ಹೊರಗಿಟ್ಟಿದೆ. ಆದರೆ 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆ ಕಾಫಿ, ಮೆಣಸು, ಏಲಕ್ಕಿ, ರಬ್ಬರ್, ಟೀ ಮೊದಲಾದವನ್ನು ಪ್ಲಾಂಟೇಷನ್ ಬೆಳೆಗಳೆಂದು ಬೇರೆಯಾಗಿ ಹೆಸರಿಸಿರುವುದರಿಂದ ಕಾಫಿ ತೋಟ ಕೃಷಿ ಭೂಮಿಯಲ್ಲ ಎಂಬ ವಾದ ಹುಟ್ಟಿಕೊಂಡಿದೆ. ಕ್ಯೂರಿಂಗ್ ಮಾಡದೆ ಕಾಫಿ ಮಾರುವ ಬೆಳೆಗಾರನ ಆದಾಯವನ್ನು ಆದಾಯ ತೆರಿಗೆಯವರು ಕೃಷಿ ಆದಾಯವೆಂದೇ ಎಣಿಸುತ್ತಾರೆ. ತೆರಿಗೆಯ ಲೆಕ್ಕಕ್ಕೆ ಕೃಷಿಕ, ಹರಾಜಿನ ಲೆಕ್ಕಕ್ಕೆ ಉದ್ಯಮಿ, ಇದು ಯಾವ ನ್ಯಾಯ? ಭತ್ತದ ಗದ್ದೆಗೆ ಇರುವ ರಕ್ಷಣೆ ಪಕ್ಕದ ಮೂರೆಕರೆ ಕಾಫಿ ತೋಟಕ್ಕೂ ಇರಬೇಕು. ಸಣ್ಣ ಬೆಳೆಗಾರರ ಕಾಫಿ ತೋಟವೂ ಕೃಷಿ ಭೂಮಿಯೇ ಎಂದು ಕಾಯ್ದೆಯಲ್ಲಿಯೇ ಸ್ಪಷ್ಟವಾಗಿ ಬರೆಯಬೇಕೆಂಬುದು ನಮ್ಮ ಒತ್ತಾಯ.

ವೇದಿಕೆಯಲ್ಲಿ ನಾಲ್ವರಿಗೆ ಹಾರ, ಪತ್ರಿಕೆಯ ಒಳಪುಟದಲ್ಲಿ ಇನ್ನೊಬ್ಬರ ತೋಟದ ಹರಾಜು ಪ್ರಕಟಣೆ, ಇವೆರಡೂ ಒಂದೇ ವಾರದಲ್ಲಿ ಬಂದರೆ ಊರಿನವರ ಮನಸ್ಸಿನಲ್ಲಿ ಉಳಿಯುವುದು ಎರಡನೆಯದು.

ಬ್ಯಾಂಕಿನವರ ಮಾತಿನಲ್ಲೂ ಹುರುಳಿದೆ

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡುವುದು ಧರ್ಮ. ಬ್ಯಾಂಕಿನಲ್ಲಿರುವುದು ಮ್ಯಾನೇಜರರ ಹಣವಲ್ಲ. ನಿವೃತ್ತ ಮೇಷ್ಟ್ರು, ವಿಧವೆ, ಕೂಲಿಯವರು ಇಟ್ಟ ಠೇವಣಿ. ಅದನ್ನು ಕೊಟ್ಟವನು ವಸೂಲು ಮಾಡಲೇಬೇಕು. ಬೆಳೆ ಸಾಲವೆಂದು ಪಡೆದು ಮದುವೆಗೆ ಖರ್ಚು ಮಾಡಿದವರು, ಶಕ್ತಿಯಿದ್ದೂ "ಮುಂದಿನ ಚುನಾವಣೆಗೆ ಮನ್ನಾ ಆಗುತ್ತದೆ" ಎಂದು ಕಾದು ಕುಳಿತವರು ನಮ್ಮಲ್ಲಿ ಇಲ್ಲವೆಂದು ಎದೆ ತಟ್ಟಿ ಹೇಳಲಾಗದು. ಅಂಥವರ ಸುಸ್ತಿಯ ಹೊರೆ ಬೀಳುವುದು ನೇರವಾಗಿ ನಡೆದುಕೊಂಡ ನೆರೆಯವನ ಮೇಲೆ. ಅವನ ಅರ್ಜಿಯನ್ನೂ ಸಂಶಯದಿಂದ ನೋಡುವಂತಾಗುತ್ತದೆ.

ಗಡುವಿನೊಳಗೆ ಕಟ್ಟುವವನಿಗೆ ಲಾಭವೂ ಇದೆ. ಕಿಸಾನ್ ಕ್ರೆಡಿಟ್ ಕಾರ್ಡಿನ ಮೂರು ಲಕ್ಷದವರೆಗಿನ ಬೆಳೆ ಸಾಲಕ್ಕೆ ಶೇಕಡಾ 7 ಬಡ್ಡಿ. ಸಕಾಲಕ್ಕೆ ಕಟ್ಟಿದರೆ 3 ಕಡಿಮೆಯಾಗಿ 4 ಮಾತ್ರ. ಮೂರು ಲಕ್ಷಕ್ಕೆ ವರ್ಷಕ್ಕೆ 9,000 ರೂಪಾಯಿ ಉಳಿಯಿತು. ಸಹಕಾರ ಸಂಘಗಳ ಮೂಲಕ ಸಿಗುವ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023–24ರಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿತು. ಇದೂ ಗಡುವು ಮೀರದವರಿಗೇ. ಆದುದರಿಂದ ಬೆಲೆ ಚೆನ್ನಾಗಿರುವ ವರ್ಷ ಮೊದಲು ಹಳೆಯ ಸಾಲ ತೀರಿಸೋಣ, ಜೀಪು ಆಮೇಲೆ ನೋಡೋಣ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಬೆಲೆ ಏರಿದಾಗಲೇ ಹೆಚ್ಚು ನೆನಪಿರಬೇಕಾದ ಮಾತು.

ನಮ್ಮ ಹಕ್ಕುಗಳನ್ನು ತಿಳಿದಿರೋಣ

ಕೃಪೆ ಬೇಡುವುದಕ್ಕಿಂತ ನಿಯಮ ತಿಳಿದು ಮಾತಾಡುವುದು ಮೇಲು. ಸದಸ್ಯರು ಈ ಕೆಲವು ಅಂಶಗಳನ್ನು ಗುರುತುಹಾಕಿಕೊಳ್ಳಬೇಕಾಗಿ ಕೋರುತ್ತೇವೆ.

ಒಂದು: ಸಾಲದ ಅರ್ಜಿ ಕೊಟ್ಟಾಗ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿರ್ದೇಶ. "ಆಗುವುದಿಲ್ಲ, ನಾಳೆ ಬನ್ನಿ" ಎಂಬ ಬಾಯಿಮಾತು ಉತ್ತರವಲ್ಲ.

ಎರಡು: 2025ರ ಜನವರಿ 1ರಿಂದ ಎರಡು ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಆಸ್ತಿಯ ಅಡಮಾನ ಕೇಳುವಂತಿಲ್ಲ. ಹಿಂದೆ ಈ ಮಿತಿ 1 ಲಕ್ಷ 60 ಸಾವಿರ ಇತ್ತು.

ಮೂರು: ಸಾಲ ಪೂರ್ತಿ ತೀರಿದ ಮೂವತ್ತು ದಿನಗಳೊಳಗೆ ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ನಾಲ್ಕು: ಸರ್ಫೇಸಿ ಕಾಯ್ದೆಯ ಮೇಲೆ ನೋಟೀಸು ಬಂದರೆ ಅದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ. ಅರವತ್ತು ದಿನಗಳ ಅವಧಿಯಿರುತ್ತದೆ. ಅಷ್ಟರೊಳಗೆ ಆಕ್ಷೇಪಣೆ ಬರೆದು ಕೊಟ್ಟರೆ ಬ್ಯಾಂಕು ಹದಿನೈದು ದಿನಗಳಲ್ಲಿ ಉತ್ತರಿಸಬೇಕು. ಮುಂದಿನ ಕ್ರಮಕ್ಕೆ ಇಳಿದರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ನಲವತ್ತೈದು ದಿನಗಳಲ್ಲಿ ಹೋಗಬಹುದು. ನಾಚಿಕೆಯಿಂದ ಸುಮ್ಮನಿದ್ದು ಕೊನೆಯ ದಿನ ಬರುವವರಿಗೆ ಸಂಘದಿಂದ ನೆರವಾಗುವುದು ಕಷ್ಟ.

ಐದು: ಶಾಖೆಯಲ್ಲಿ ನಮೂನೆಗಳು ಕನ್ನಡದಲ್ಲಿಯೂ ಇರಬೇಕು. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ.

ಸನ್ಮಾನ ಯಾರಿಗೆ?

ಇನ್ನು ಸನ್ಮಾನದ ವಿಷಯಕ್ಕೆ ನಮ್ಮ ಸಲಹೆಗಳು. ಬ್ಯಾಂಕಿನವರು ಸಾಮಾನ್ಯವಾಗಿ ಆರಿಸುವುದು ಕಣ್ಣಿಗೆ ಕಾಣುವವರನ್ನು. ದೊಡ್ಡ ಎಸ್ಟೇಟಿನವರು, ದೊಡ್ಡ ವಹಿವಾಟಿನವರು ಕರೆಯದಿದ್ದರೂ ಕಾಣಿಸುತ್ತಾರೆ. ನಮ್ಮ ಪಟ್ಟಿ ಬೇರೆ. ಬೆಳೆ ಕೆಟ್ಟ ವರ್ಷದಲ್ಲೂ ಬಡ್ಡಿಯನ್ನಾದರೂ ತಂದು ಕಟ್ಟಿದ ಎರಡೆಕರೆಯ ಬೆಳೆಗಾರನನ್ನು ಕರೆಯಿರಿ. ತೋಟದ ಕೂಲಿ ಹೆಣ್ಣುಮಕ್ಕಳ ಸ್ವಸಹಾಯ ಸಂಘವನ್ನು ಕರೆಯಿರಿ. 1992ರಲ್ಲಿ ನಬಾರ್ಡ್ 500 ಗುಂಪುಗಳಿಗೆ ಪ್ರಾಯೋಗಿಕವಾಗಿ ಬ್ಯಾಂಕಿನ ಸಂಪರ್ಕ ಕೊಟ್ಟಾಗ ಬಡ ಹೆಂಗಸರು ಸಾಲ ಹಿಂದಿರುಗಿಸುತ್ತಾರೆಯೇ ಎಂದು ಸಂಶಯಪಟ್ಟವರಿದ್ದರು. ಆ ಸಂಶಯಕ್ಕೆ ಉತ್ತರ ಕೊಟ್ಟವರು ಆ ಹೆಂಗಸರೇ. ಹಾಗೆಯೇ ಮಳೆಗಾಲದಲ್ಲಿ ಜಿಗಣೆ ಕಚ್ಚಿಸಿಕೊಂಡು ತೋಟ ನೋಡಿಬಂದು, ಸಿಂಪಡಣೆಗೆ ಮುಂಚೆ ಸಾಲ ಮಂಜೂರು ಮಾಡಿಸಿದ ಶಾಖಾಧಿಕಾರಿಗೂ ಒಂದು ಶಾಲು ಇರಲಿ. ಅದನ್ನು ನಮ್ಮ ಸಂಘವೇ ಹೊದಿಸಲು ಸಿದ್ಧವಿದೆ.

ಸಮಾರಂಭದ ದಿನವನ್ನೂ ಯೋಚಿಸಿ ಇಡಬೇಕು. ಡಿಸೆಂಬರ್ 23 ರೈತರ ದಿನ. ಆ ದಿನ ನಮ್ಮವರು ಕಣದಲ್ಲಿ ಕಾಫಿ ಹರಡುತ್ತಿರುತ್ತಾರೆ, ಇಲ್ಲವೇ ಅಡಿಕೆ ಬೇಯಿಸುತ್ತಿರುತ್ತಾರೆ. ಸಭೆಗೆ ಬರುವವರು ಕೆಲಸವಿಲ್ಲದವರು. ನಮ್ಮ ಸೀಮೆಯ ಮಟ್ಟಿಗೆ ಕೊಯ್ಲು ಮುಗಿದ ಮೇಲೆ, ಯುಗಾದಿಯ ಆಸುಪಾಸಿಗೆ ಇಟ್ಟರೆ ಲೇಸು.

ಎಲ್ಲಕ್ಕಿಂತ ಮುಖ್ಯವಾದದ್ದು, ಸನ್ಮಾನದ ಜೊತೆಗೆ ಲೆಕ್ಕವನ್ನೂ ಓದಬೇಕು. ಈ ಶಾಖೆಯಲ್ಲಿ ಊರಿನವರು ಇಟ್ಟ ಠೇವಣಿ ಎಷ್ಟು, ಊರಿಗೆ ಕೊಟ್ಟ ಸಾಲ ಎಷ್ಟು, ಐದೆಕರೆಯೊಳಗಿನವರಿಗೆ ಎಷ್ಟು, ಅರ್ಜಿ ಬಂದು ಎಷ್ಟು ದಿನಕ್ಕೆ ಹಣ ಹೋಯಿತು, ತಿರಸ್ಕೃತ ಅರ್ಜಿ ಎಷ್ಟು? ಠೇವಣಿ ಸಾಲಗಳ ಅನುಪಾತವನ್ನು ಲೀಡ್ ಬ್ಯಾಂಕಿನವರು ಜಿಲ್ಲಾ ಮಟ್ಟದ ಸಭೆಯಲ್ಲಿ ಹೇಗೂ ಮಂಡಿಸುತ್ತಾರೆ. ಅದನ್ನೇ ಊರಿನ ಮುಂದೆ ಓದುವುದರಲ್ಲಿ ಸಂಕೋಚವೇಕೆ? ನಮ್ಮ ಸಂಘವೂ ಮಹಾಜನ ಸಭೆಯಲ್ಲಿ ಜಮಾ ಖರ್ಚು ಓದುತ್ತದೆ. ಸದಸ್ಯರು ಎದ್ದುನಿಂತು ಪ್ರಶ್ನೆ ಕೇಳುತ್ತಾರೆ, ಕೆಲವೊಮ್ಮೆ ಖಾರವಾಗಿಯೇ ಕೇಳುತ್ತಾರೆ. ಸಂಘ ಬಾಳಿರುವುದು ಆ ಖಾರದಿಂದಲೇ.

ಈ ನಿಲುವನ್ನು ಠರಾವಿನ ರೂಪದಲ್ಲಿ ಮುಂದಿನ ಮಹಾಜನ ಸಭೆಯ ಮುಂದಿಡಲಿದ್ದೇವೆ. ಅದರಲ್ಲಿ ಮೂರು ಬೇಡಿಕೆಗಳಿರುತ್ತವೆ: ಮುಂಗಾರಿಗೆ ಮುಂಚೆ, ಎಂದರೆ ಮೇ 15ರೊಳಗೆ ಬೆಳೆ ಸಾಲ ನವೀಕರಣ, ಮರುಪಾವತಿಯ ಗಡುವು ನಮ್ಮ ಕೊಯ್ಲು ಮತ್ತು ಮಾರಾಟದ ಕಾಲಕ್ಕೆ ಹೊಂದುವಂತೆ ಬದಲಾವಣೆ, ಸಣ್ಣ ಕಾಫಿ ತೋಟಗಳಿಗೆ ಸರ್ಫೇಸಿಯಿಂದ ರಕ್ಷಣೆ. ಸದಸ್ಯರು ತಮ್ಮ ಅನುಭವವನ್ನು, ಅರ್ಜಿ ಕೊಟ್ಟ ದಿನ ಮತ್ತು ಹಣ ಕೈಸೇರಿದ ದಿನಗಳ ಸಹಿತ, ಸಂಘದ ಕಚೇರಿಗೆ ಬರೆದು ಕೊಡಬೇಕು. ಬರಿಯ ದೂರಿಗಿಂತ ತಾರೀಕು ಸಹಿತ ಕಾಗದಕ್ಕೆ ತೂಕ ಹೆಚ್ಚು.

ಉಡುಪಿ ಮಂಗಳೂರುಗಳಲ್ಲಿ ಆಣೆ ಪೈ ಕೂಡಿಸಿ ಬ್ಯಾಂಕು ಕಟ್ಟಿದವರು ತಮ್ಮ ಊರಿನವರನ್ನು ನಂಬಿದರು, ಊರಿನವರು ಅವರನ್ನು ನಂಬಿದರು. ಆ ನಂಬಿಕೆಯನ್ನು ಎರಡೂ ಕಡೆಯಿಂದ ಉಳಿಸಿಕೊಳ್ಳುವುದು ಈಗಿನ ಕೆಲಸ. ನಾವು ಗಡುವಿಗೆ ಕಟ್ಟೋಣ, ಅವರು ಗಡುವಿಗೆ ಕೊಡಲಿ. ಅದಾದ ಮೇಲೆ ಶಾಲು ಬಂದರೆ ಸಂತೋಷದಿಂದ ಹೊದ್ದುಕೊಳ್ಳೋಣ.

— ಕಾರ್ಯದರ್ಶಿ